ಶಾಕ್ ಬೇಕು ಮಾಮಾ: ಯಾದಗಿರಿಯಿಂದ ಸುರಪುರಕ್ಕೆ ಎರಡು ಸೈಕಲ್‌ ಸವಾರಿ

“ಮಾಮಾ, ಸೈಕಲ್‌ಗಿ ಶಾಕ್ ಇರಬೇಕು ನೋಡು. ಗೇರ್ ಭಿ ಇರಬೇಕು. ಗೌರ್ಮೆಂಟ್ ಸೈಕಲ್ ಹಂಗ ಇರಬಾರದು.”

ಕಳೆದ ನವೆಂಬರ್‌ನಲ್ಲಿ ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ನಡೀತಿದ್ದಾಗ ಬಂದ ವಾಯ್ಸ್ ಮೆಸೇಜ್ ಇದು. ಕಳಿಸಿದವಳು ಅಕ್ಕನ ಮಗಳು. ಹಿಂದೆಯೇ ಒಂದು ಸ್ಕ್ರೀನ್‌ಶಾಟ್ ಬಂತು. ಹಸಿರು-ಕಪ್ಪು ಬಣ್ಣದ ಸೈಕಲ್, ಮುಂದೆ ತೋಳಿನಷ್ಟು ದಪ್ಪದ ಎರಡು ಶಾಕ್, ಸೀಟಿನ ಕೆಳಗೆ ಇನ್ನೊಂದು ಸ್ಪ್ರಿಂಗ್, ಬೆಲೆ ಹದಿನಾಲ್ಕು ಸಾವಿರ ಚಿಲ್ಲರೆ. ಆಗ ಅವಳು ಏಳನೇ ತರಗತಿ. ಅವರ ಊರಿನ ಶಾಲೆ ಏಳಕ್ಕೇ ಮುಗಿಯುತ್ತದೆ. ಹೈಸ್ಕೂಲು ಆರು ಕಿಲೋಮೀಟರ್ ದೂರ, ಕಾಲುವೆ ಪಕ್ಕದ ಕಚ್ಚಾ ರಸ್ತೆ, ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ.

ನಾನು ವೀಕೆಂಡ್ ಬಂದರೆ ಮೌಂಟನ್ ಬೈಕ್ ಹೊತ್ತುಕೊಂಡು ಬೆಂಗಳೂರಿನ ಹೊರಗೆ ಓಡುವ ಸಾಫ್ಟ್‌ವೇರ್ ಮಂದಿಯಲ್ಲಿ ಒಬ್ಬ. ಫ್ರೇಮ್ ಅಲ್ಯೂಮಿನಿಯಮ್ಮಾ ಸ್ಟೀಲಾ, ಫೋರ್ಕ್‌ನಲ್ಲಿ ಸ್ಪ್ರಿಂಗಾ ಗಾಳಿಯಾ ಅಂತ ಟೀ ಬ್ರೇಕಿನಲ್ಲಿ ಗಂಟೆಗಟ್ಟಲೆ ಜಗಳ ಆಡಿದವನು. ಸೈಕಲ್ ಕೊಡಿಸೋದು ನನಗೆ ಎಡಗೈ ಕೆಲಸ ಆಗಬೇಕಿತ್ತು. ಆದರೆ ಆ ಸ್ಕ್ರೀನ್‌ಶಾಟ್ ಮೂರು ದಿನ ನನ್ನ ಫೋನಿನಲ್ಲಿ ಉತ್ತರ ಇಲ್ಲದೆ ಕೂತಿತ್ತು.

ಕಾರಣ ಅಕ್ಕ. ಅವಳು ಏಳನೇ ತರಗತಿ ಪಾಸಾಗಿದ್ದು 2004ರಲ್ಲಿ. ನಮ್ಮೂರಿಂದ ಹೈಸ್ಕೂಲಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಮನೆಯಲ್ಲಿದ್ದ ಒಂದೇ ಸೈಕಲ್ ಅಪ್ಪನ ಕರಿ ಅಟ್ಲಾಸ್, ಅದೂ ದಿನಾ ಹೊಲಕ್ಕೆ ಬೇಕು. “ಹುಡುಗಿ ಅಷ್ಟು ದೂರ ದಿನಾ ಹ್ಯಾಂಗ ಹೋಗ್ತಾಳ” ಅನ್ನುವ ಪ್ರಶ್ನೆಗೆ ಮನೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಓದು ಅಲ್ಲಿಗೆ ನಿಂತಿತು. ಎಂಟನೇ ತರಗತಿ ಮಕ್ಕಳಿಗೆ ರಾಜ್ಯ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಅಕ್ಕನಿಗೆ ಎರಡು ವರ್ಷ ತಡ. ನನಗೆ ಸರಿಯಾಗಿ ಸಿಕ್ಕಿತು. ಅದೇ ಸೈಕಲ್ ಮೇಲೆ ಮೂರು ವರ್ಷ ಹೈಸ್ಕೂಲು ಮುಗಿಸಿದೆ, ಆಮೇಲೆ ಕಲಬುರಗಿ, ಎಂಜಿನಿಯರಿಂಗ್, ಬೆಂಗಳೂರು. ಭಾನುವಾರಕ್ಕೊಮ್ಮೆ ಆ ಸೈಕಲ್ ತೊಳೆದು, ಚೈನಿಗೆ ಎಣ್ಣೆ ಹಾಕಿ ಇಡುತ್ತಿದ್ದವಳು ಅಕ್ಕ. ಅವಳಿಗೆ ಸೈಕಲ್ ತುಳಿಯಲು ಇವತ್ತಿಗೂ ಬರೋದಿಲ್ಲ.

ಕೋವಿಡ್ ಬಂದಾಗ ಆ ಸೈಕಲ್ ವಿತರಣೆ ನಿಂತಿತು. ಈಗ ಹುಡುಗಿಯ ಸೈಕಲ್ ನನ್ನ ಜವಾಬ್ದಾರಿ. ನನ್ನ ಹೆದರಿಕೆ ಇಷ್ಟೇ: ಸೈಕಲ್ ಒಂದು ವಾರ ಕೆಟ್ಟು ಮೂಲೆಗೆ ನಿಂತರೆ ಶಾಲೆ ಒಂದು ವಾರ ತಪ್ಪುತ್ತದೆ. ಎರಡು ಸಲ ಹಾಗಾದರೆ ಮನೆಯಲ್ಲಿ ಯಾರಾದರೂ ಒಬ್ಬರು “ಸಾಕು ಬಿಡು” ಅಂದೇ ಅನ್ನುತ್ತಾರೆ. ಆ ಮಾತು ನಮ್ಮ ಮನೆಯಲ್ಲಿ ಒಮ್ಮೆ ಕೇಳಿದ್ದೇನೆ.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಹೇಗೂ ಊರಿಗೆ ಹೋಗಬೇಕು, ಸೈಕಲ್ ಮೇಲೆಯೇ ಹೋಗಿ ಆ ರಸ್ತೆಗಳಲ್ಲೇ ನೋಡಿಬಿಡೋಣ ಅನ್ನಿಸಿತು. ಆಫೀಸಿನ ಗೆಳೆಯನೊಬ್ಬ ಜೊತೆಗೆ ಹೊರಟ. ಹಾಸನದ ಕಡೆಯವನು. ನಮ್ಮ ಸೀಮೆ ಅಂದರೆ ಬರೀ ಬಿಸಿಲು ಅಂತ ತಿಳಿದಿದ್ದ, ಡಿಸೆಂಬರ್‌ನಲ್ಲೂ ಎರಡು ಟ್ಯೂಬ್ ಸನ್‌ಸ್ಕ್ರೀನ್ ತಂದಿದ್ದ.

ನನ್ನದು ಅಲ್ಯೂಮಿನಿಯಮ್ ಹಾರ್ಡ್‌ಟೇಲ್. ಮುಂದೆ 100 ಮಿಲಿಮೀಟರ್ ಕುಗ್ಗುವ ಏರ್ ಫೋರ್ಕ್, ಹಿಂದೆ ಶಾಕ್ ಇಲ್ಲ. ಅವನದ್ದು ಕ್ರೋಮೊಲಿ ಸ್ಟೀಲ್ ಫ್ರೇಮ್, ಮುಂದಿನ ಫೋರ್ಕ್ ಕೂಡ ಗಟ್ಟಿ ಸ್ಟೀಲ್, ಸ್ಪ್ರಿಂಗ್ ಇಲ್ಲ ಗಾಳಿ ಇಲ್ಲ. ಎರಡೂ ಬಿಚ್ಚಿ ಚೀಲಕ್ಕೆ ಹಾಕಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಬೆಳಗಿನ ಚಳಿಯಲ್ಲಿ ಯಾದಗಿರಿ ಸ್ಟೇಷನ್ ಹೊರಗೆ ಚಕ್ರ ಜೋಡಿಸುವಾಗ ಆಟೊದವರು ಸುತ್ತ ನೆರೆದರು. ಒಬ್ಬರು ನನ್ನ ಫೋರ್ಕ್ ಒತ್ತಿ ನೋಡಿ, “ಇದರಾಗ ಎಣ್ಣಿ ಅದನು?” ಅಂದರು. ಅದರಲ್ಲಿ ಎಣ್ಣೆಯೂ ಇದೆ, ಗಾಳಿಯೂ ಇದೆ ಅಂದೆ. “ಬೈಕಿನ ಹಂಗಾ ಆಯ್ತಲ್ಲ, ಮತ್ತ ಬೈಕಾ ತಗೋಬಹುದಿತ್ತಲ್ರಿ!” ಅಂದರು. ಈ ಮಾತಿಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.

ಯಾದಗಿರಿ ಜಿಲ್ಲೆಯಾಗಿದ್ದು 2009ರ ಡಿಸೆಂಬರ್ 30ರಂದು. ಅಲ್ಲಿಯವರೆಗೆ ನಾವೆಲ್ಲ ಗುಲ್ಬರ್ಗಾದವರು. ಊರಿನ ನೆತ್ತಿಯ ಮೇಲೆ ಕೋಟೆ, ಬಂಡೆ ಮೇಲೆ ಬಂಡೆ ಪೇರಿಸಿಟ್ಟ ಗುಡ್ಡ. ಕೋಟೆ ಹತ್ತುವುದನ್ನು ಬಿಟ್ಟು ಭೀಮಾ ನದಿಯ ಸೇತುವೆ ದಾಟಿದೆವು. ಮಂಜು ಇನ್ನೂ ನೀರಿನ ಮೇಲೇ ಇತ್ತು. ಅಲ್ಲಿಂದ ಶಹಾಪುರಕ್ಕೆ ಹೆಚ್ಚುಕಡಿಮೆ 35 ಕಿಲೋಮೀಟರ್. ಎರಡೂ ಕಡೆ ಕರಿ ಎರೆ ಭೂಮಿ, ತೊಗರಿ ಕಾಯಿಗಟ್ಟಿ ನಿಂತಿದೆ, ಹತ್ತಿ ಒಡೆದು ಬೆಳ್ಳಗೆ ಕಾಣ್ತಿದೆ.

ನಾಯ್ಕಲ್‌ನಲ್ಲಿ ಚಹಾಕ್ಕೆ ನಿಂತಾಗ ನಮ್ಮ ಹಳೇ ಜಗಳ ಶುರುವಾಯಿತು. “ಸ್ಟೀಲ್ ಫ್ರೇಮ್ ಮೆತ್ತಗೆ ಇರುತ್ತೆ ಕಣೋ, ರಸ್ತೆ ಕುಲುಕಾಟ ನುಂಗುತ್ತೆ” ಅನ್ನೋದು ಅವನ ವಾದ. ಸೈಕಲ್ ಅಂಗಡಿಗಳಲ್ಲೂ ಇದನ್ನೇ ಹೇಳುತ್ತಾರೆ. ನನಗೆ ಇದರಲ್ಲಿ ಪೂರ್ತಿ ನಂಬಿಕೆ ಇಲ್ಲ. ಸ್ಟೀಲ್ ಅಲ್ಯೂಮಿನಿಯಮ್‌ಗಿಂತ ಸುಮಾರು ಮೂರು ಪಟ್ಟು ಗಟ್ಟಿ, ಸುಮಾರು ಮೂರು ಪಟ್ಟು ಭಾರ ಕೂಡ. ಸಾಂದ್ರತೆ 7.85ಕ್ಕೆ 2.7, ಸ್ಥಿತಿಸ್ಥಾಪಕತೆ 200 ಗಿಗಾಪಾಸ್ಕಲ್‌ಗೆ 69. ಭಾಗಿಸಿ ನೋಡಿ, ಎರಡೂ ಹತ್ತಿರ ಹತ್ತಿರ ಒಂದೇ ಉತ್ತರ ಕೊಡುತ್ತವೆ. ಅಂದರೆ ತೂಕದ ಲೆಕ್ಕದಲ್ಲಿ ಗಟ್ಟಿತನ ಸಮ ಸಮ. ವ್ಯತ್ಯಾಸ ಬರೋದು ಕೊಳವೆಯ ಗಾತ್ರದಿಂದ. ಅಲ್ಯೂಮಿನಿಯಮ್ ಹಗುರ ಆದ್ದರಿಂದ ಕೊಳವೆ ದಪ್ಪ ಮಾಡಬಹುದು, ದಪ್ಪ ಆದಷ್ಟೂ ಅದು ಬಾಗೋದಿಲ್ಲ. ಸ್ಟೀಲ್ ಕೊಳವೆ ಸಣಕಲಾಗಿಯೇ ಇರುತ್ತದೆ, ಕೊಂಚ ಬಳುಕುತ್ತದೆ. ಆದರೆ ಸೈಕಲ್ ಫ್ರೇಮ್ ಅಂದರೆ ಎರಡು ತ್ರಿಕೋನ. ತ್ರಿಕೋನ ಮೇಲಿಂದ ಕೆಳಗೆ ಎಷ್ಟು ತಾನೇ ಬಾಗೀತು? ಒಂದು ಮಿಲಿಮೀಟರ್ ಬಾಗಿದರೆ ಹೆಚ್ಚು. ಅದೇ ಟೈರ್ ಒಂದು ಕಲ್ಲಿಗೆ ಹತ್ತು ಹದಿನೈದು ಮಿಲಿಮೀಟರ್ ಕುಗ್ಗುತ್ತದೆ.

ಮಾತು ಬೇಡ, ಅಳೆದೇ ಬಿಡೋಣ ಅಂತ ಫೋನನ್ನು ಹ್ಯಾಂಡಲ್‌ಗೆ ಕಟ್ಟಿ, ಅಲುಗಾಟ ದಾಖಲಿಸುವ ಆ್ಯಪ್ ಹಾಕಿ, ರಸ್ತೆ ಪಕ್ಕದ ಎತ್ತಿನಗಾಡಿ ದಾರಿಯಲ್ಲಿ ಇಬ್ಬರೂ ಸೈಕಲ್ ಬದಲಾಯಿಸಿಕೊಂಡು ನಾಲ್ಕು ನಾಲ್ಕು ಸಲ ಓಡಿಸಿದೆವು. ಇದನ್ನ ವಿಜ್ಞಾನ ಅಂತ ನಾನು ಹೇಳಲ್ಲ. ಆದರೂ ನಮಗೆ ಕಂಡಿದ್ದು ಇದು: ದೊಡ್ಡ ಗುಂಡಿ, ಎದ್ದ ಕಲ್ಲು ಬಂದಾಗ ನನ್ನ ಏರ್ ಫೋರ್ಕ್ ಸ್ಪಷ್ಟವಾಗಿ ಗೆದ್ದಿತು. ಆದರೆ ಸಣ್ಣ ಜಲ್ಲಿಯ ನಿರಂತರ ನಡುಕ ಇದೆಯಲ್ಲ, ಅದರಲ್ಲಿ ಫೋರ್ಕ್‌ಗಿಂತ ಹೆಚ್ಚು ಫರಕು ತಂದಿದ್ದು ಅವನ ಸ್ಟೀಲ್ ಸೈಕಲ್ಲಿನ ಟೈರ್ ಗಾಳಿಯನ್ನು 50 ಪಿಎಸ್‌ಐನಿಂದ 30ಕ್ಕೆ ಇಳಿಸಿದ್ದು. ಖರ್ಚು ಸೊನ್ನೆ. ಗೆಳೆಯ ಅದನ್ನೂ ಸ್ಟೀಲಿನ ಗೆಲುವು ಅಂತಲೇ ಬರೆದುಕೊಂಡ.

ಶಹಾಪುರ ಹತ್ತಿರ ಬಂದಂತೆ ಗುಡ್ಡದ ಸಾಲು ಮಲಗಿದ ಬುದ್ಧನ ಹಾಗೆ ಕಾಣತೊಡಗುತ್ತದೆ. ಹಣೆ, ಮೂಗು, ಗದ್ದ, ಎದೆ. ಮೊದಲ ಸಲ ನೋಡುವವರಿಗೆ ತೋರಿಸಬೇಕಾಗುತ್ತದೆ, ಒಮ್ಮೆ ಕಂಡ ಮೇಲೆ ಬರೀ ಗುಡ್ಡವಾಗಿ ನೋಡಲು ಆಗೋದೇ ಇಲ್ಲ. ಗೆಳೆಯ ಸೈಕಲ್ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ನಿಂತುಬಿಟ್ಟ. ನಾನು ಚಿಕ್ಕವನಿದ್ದಾಗ ಬಸ್ಸಿನ ಕಿಟಕಿಯಿಂದ ಇದನ್ನು ನೋಡಿದಾಗಲೆಲ್ಲ ಶಹಾಪುರ ಬಂತು, ಇಳಿದರೆ ಮಿರ್ಚಿ ಭಜಿ ಸಿಗುತ್ತದೆ ಅನ್ನೋದಷ್ಟೇ ತಲೆಯಲ್ಲಿ ಬರುತ್ತಿತ್ತು.

ಈ ಸಲವೂ ಭಜಿ ತಿಂದೆವು. ಆಮೇಲೆ ಒಂದು ಸೈಕಲ್ ಅಂಗಡಿ ಹೊಕ್ಕೆವು. ಹುಡುಗಿ ಕಳಿಸಿದ ಸ್ಕ್ರೀನ್‌ಶಾಟ್‌ನದ್ದೇ ಅಣ್ಣ-ತಮ್ಮಂದಿರಂಥ ಸೈಕಲ್‌ಗಳು ಸಾಲಾಗಿ ನಿಂತಿದ್ದವು. ನನ್ನ ಚೀಲದಲ್ಲಿ ಲಗೇಜ್ ತೂಗುವ ಸಣ್ಣ ತಕ್ಕಡಿ ಇತ್ತು. ಮಾಲೀಕರನ್ನು ಕೇಳಿ ಮುಂದೆ-ಹಿಂದೆ ಶಾಕ್ ಇರುವ ಒಂದನ್ನು ಎತ್ತಿ ತೂಗಿದೆ. ಹದಿನೆಂಟು ಕೆ.ಜಿ. ದಾಟಿತು. ನಮ್ಮ ಹುಡುಗಿಯ ತೂಕ ಮೂವತ್ತಾರು. ಅಂದರೆ ತನ್ನ ಅರ್ಧದಷ್ಟು ಭಾರವನ್ನು ದಿನಾ ಹನ್ನೆರಡು ಕಿಲೋಮೀಟರ್ ತಳ್ಳಬೇಕು.

ಇನ್ನು ಆ ಶಾಕ್. ಅಗ್ಗದ ಫೋರ್ಕ್‌ನೊಳಗೆ ಇರೋದು ಒಂದು ಕಬ್ಬಿಣದ ಸ್ಪ್ರಿಂಗ್. ದೊಡ್ಡವರೊಬ್ಬರ ತೂಕಕ್ಕೆ ಹೊಂದುವಂತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ನಾನು, ಎಪ್ಪತ್ತನಾಲ್ಕು ಕೆ.ಜಿ., ಅದುಮಿದರೆ ಚೆನ್ನಾಗೇ ಕುಗ್ಗಿತು. ಅಂಗಡಿಯ ಮುಂದೆ ನಿಂತಿದ್ದ ಒಬ್ಬ ಹುಡುಗನನ್ನು ಕೂರಿಸಿ ನೋಡಿದೆ. ಒಂದು ಬೆರಳು ಅಗಲವೂ ಕುಗ್ಗಲಿಲ್ಲ. ಮಕ್ಕಳಿಗೆ ಅದು ಶಾಕ್ ಅಲ್ಲ, ಶಾಕ್‌ನ ಆಕಾರದ ಕಬ್ಬಿಣ. ಮೇಲಾಗಿ ಕುಗ್ಗಿದ ಸ್ಪ್ರಿಂಗನ್ನು ನಿಧಾನಕ್ಕೆ ಮೇಲೆ ಬಿಡುವ ಎಣ್ಣೆಯ ವ್ಯವಸ್ಥೆ, ಡ್ಯಾಂಪಿಂಗ್ ಅನ್ನುತ್ತಾರಲ್ಲ, ಅದು ಇಂಥ ಫೋರ್ಕ್‌ಗಳಲ್ಲಿ ಹೆಸರಿಗಷ್ಟೇ. ಹಾಗಾಗಿ ಗುಂಡಿ ದಾಟಿದ ಮೇಲೆ ಹ್ಯಾಂಡಲ್ ವಾಪಸ್ ಎಗರಿ ಕೈಗೆ ಬಡಿಯುತ್ತದೆ.

ಏರ್ ಫೋರ್ಕ್‌ನಲ್ಲಿ ಈ ತೊಂದರೆ ಇಲ್ಲ. ಸಣ್ಣ ಪಂಪಿನಿಂದ ಸವಾರನ ತೂಕಕ್ಕೆ ಬೇಕಾದಷ್ಟು ಗಾಳಿ ತುಂಬಬಹುದು. ಸುಮ್ಮನೆ ಹತ್ತಿ ಕೂತಾಗ ಒಟ್ಟು ಕುಗ್ಗುವ ದೂರದ ಐದನೇ ಒಂದು ಭಾಗ ಇಳಿದರೆ ಸರಿ. ಆದರೆ ಅಂಥ ಫೋರ್ಕ್ ಒಂದಕ್ಕೇ ಅಂಗಡಿಯ ಇಡೀ ಸೈಕಲ್‌ಗಿಂತ ಹೆಚ್ಚು ದುಡ್ಡು. ಸುಮಾರು 50 ಗಂಟೆ ಓಡಿಸಿದ ಮೇಲೆ ಕೆಳಗಿನ ಕಾಲು ಬಿಚ್ಚಿ ಎಣ್ಣೆ ಬದಲಿಸಿ, ಸೀಲ್ ಒರೆಸಬೇಕು. ಕಾಲುವೆ ರಸ್ತೆಯ ಧೂಳಿಗೆ ಅದಕ್ಕಿಂತ ಮೊದಲೇ. ಯಾರು ಮಾಡುತ್ತಾರೆ? ನಾನು ಆರು ತಿಂಗಳಿಗೊಮ್ಮೆ ಊರಿಗೆ ಹೋಗುವವನು.

ಅಂಗಡಿ ಮಾಲೀಕರು ಮುಚ್ಚುಮರೆ ಇಲ್ಲದ ಮನುಷ್ಯ. “ಹುಡುಗರು ಶಾಕ್ ನೋಡಿ ತಗೋತಾವ್ರಿ. ವರ್ಷಕ್ಕ ಶಾಕ್ ಜಾಮ್ ಆಗ್ತದ. ಆಮ್ಯಾಲ ಹಂಗಾ ಓಡಸ್ತಾವ. ಯಾರೂ ಬಂದು ಕೇಳಂಗಿಲ್ಲ” ಅಂದರು. ಹಾಗಾದರೆ ಶಾಕ್ ಇಲ್ಲದ್ದನ್ನೇ ಮಾರಬಹುದಲ್ಲ ಅಂದೆ. “ಅದು ಮೂಲ್ಯಾಗ ನಿಂತದ ನೋಡ್ರಿ, ದೀಪಾವಳಿಯಿಂದ” ಅಂತ ತೋರಿಸಿದರು.

ಈ ಶಾಕ್ ಹುಚ್ಚಿಗೆ ಅಂಥ ವಯಸ್ಸೇನೂ ಆಗಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೇ ಸ್ಟೀಲ್ ಸೈಕಲ್‌ಗಳನ್ನು ಗುಡ್ಡದಿಂದ ಇಳಿಸಿ ಆಡುತ್ತಿದ್ದಾಗ ಯಾರಿಗೂ ಶಾಕ್ ಇರಲಿಲ್ಲ. ಇಳಿಯುವಷ್ಟರಲ್ಲಿ ಹಿಂದಿನ ಬ್ರೇಕಿನ ಗ್ರೀಸ್ ಸುಟ್ಟು ಹೊಗೆ ಬರುತ್ತಿತ್ತಂತೆ, ಪ್ರತಿ ಸಲವೂ ಹೊಸದಾಗಿ ತುಂಬಬೇಕಿತ್ತು. ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕ್ ಬಂದಿದ್ದು 1989ರ ಸುಮಾರಿಗೆ, ಅದು ಕುಗ್ಗುತ್ತಿದ್ದದ್ದು ಐದು ಸೆಂಟಿಮೀಟರ್‌ಗೂ ಕಡಿಮೆ. ಅಪ್ಪನ ಅಟ್ಲಾಸ್‌ನಲ್ಲಂತೂ ಇದ್ದ ಒಂದೇ ಶಾಕ್ ಅಂದರೆ ಸೀಟಿನ ಕೆಳಗಿನ ಎರಡು ಸ್ಪ್ರಿಂಗು. ಅದರ ಹಿಂದೆ ಒಂದು ಕ್ವಿಂಟಲ್ ತೊಗರಿ ಬಂದಿದ್ದನ್ನು ನಾನೇ ನೋಡಿದ್ದೇನೆ.

ಶಹಾಪುರ ದಾಟಿ ಹೆದ್ದಾರಿಯಲ್ಲಿ ಹತ್ತಿಗೂಡೂರಿನ ಕಡೆ ಹೊರಟರೆ ವಿಭೂತಿಹಳ್ಳಿ. ಇಲ್ಲಿ ಬಯಲಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಸಾಲು ಸಾಲಾಗಿ ಇಟ್ಟಿದ್ದಾರೆ. ಇಟ್ಟವರು ಬೃಹತ್ ಶಿಲಾಯುಗದ ಜನ. ಹೊಲದ ಕಲ್ಲು ಅಂದುಕೊಂಡರೆ ಗೊತ್ತೇ ಆಗಲ್ಲ, ಒಂದು ಮೂಲೆಯಲ್ಲಿ ನಿಂತು ಓರೆಯಾಗಿ ನೋಡಿದರೆ ಸಾಲು ಬಿಚ್ಚಿಕೊಳ್ಳುತ್ತದೆ. ಹತ್ತೊಂಬತ್ತನೇ ಶತಮಾನದಲ್ಲೇ ಇದನ್ನು ಬರೆದಿಟ್ಟವರು ಕರ್ನಲ್ ಮೆಡೋಸ್ ಟೇಲರ್. ಅವರ ಮಾತು ಸುರಪುರಕ್ಕೆ ಬಂದಾಗ ಹೇಳುತ್ತೇನೆ. ಸಾಲುಕಲ್ಲಿನ ನಡುವೆ ಸೈಕಲ್ ಓಡಿಸಲಿಲ್ಲ, ಅದು ಸಂರಕ್ಷಿತ ಜಾಗ, ನಡೆದೇ ನೋಡಿದೆವು.

ಎಡವಟ್ಟಾಗಿದ್ದು ಅಲ್ಲಿಂದ ಹೆದ್ದಾರಿಗೆ ವಾಪಸ್ ಬರುವ ಕಲ್ಲುದಾರಿಯಲ್ಲಿ. ಏರ್ ಫೋರ್ಕ್ ಇದೆಯೆಂಬ ಧೈರ್ಯಕ್ಕೆ ನಾನು ಜೋರಾಗಿ ಇಳಿದೆ. ಮುಂದಿನ ಚಕ್ರ ಚೆನ್ನಾಗಿಯೇ ದಾಟಿತು. ಹಿಂದೆ ಗೇರ್ ಬದಲಿಸುವ ಡಿರೇಲರ್ ಒಂದು ಬಂಡೆಯ ಅಂಚಿಗೆ ಬಡಿದು, ಅದನ್ನು ಹಿಡಿದಿರುವ ಹ್ಯಾಂಗರ್ ಒಳಕ್ಕೆ ಬಾಗಿತು. ಅಲ್ಯೂಮಿನಿಯಮ್ ಫ್ರೇಮ್‌ಗಳಲ್ಲಿ ಈ ಹ್ಯಾಂಗರ್ ಬೇಕಂತಲೇ ಮೆತ್ತಗಿನ ಬೇರೆ ತುಂಡು. ಏಟು ಬಿದ್ದರೆ ಅದು ಸತ್ತು ಫ್ರೇಮ್ ಉಳಿಸಲಿ ಅಂತ. ಒಳ್ಳೆಯ ಯೋಚನೆಯೇ. ಆದರೆ ಒಂದೊಂದು ಮಾಡೆಲ್‌ಗೆ ಒಂದೊಂದು ಆಕಾರ. ಬದಲಿ ತುಂಡು ಬೆಂಗಳೂರಿನ ನನ್ನ ಟೇಬಲ್ ಡ್ರಾಯರ್‌ನಲ್ಲಿ ಇತ್ತು. ನಾನು ನಗುತ್ತಿದ್ದ ಗೆಳೆಯನ ಕಡೆ ನೋಡುವಷ್ಟರಲ್ಲಿ ಅವನ ಹಿಂದಿನ ಕ್ಯಾರಿಯರ್‌ನ ಒಂದು ಕಾಲು ಕಟಕ್ ಅಂತ ಮುರಿದು ಚೀಲ ನೆಲಕ್ಕೆ ಬಿತ್ತು. ನಾನೂ ನಕ್ಕೆ.

ಅಲ್ಲಿಂದ ಸುರಪುರದವರೆಗೂ ನಾನು ಒಂದೇ ಗೇರ್‌ನಲ್ಲಿ ಬಂದೆ. ಅದರ ಮಧ್ಯೆ ಮುಳ್ಳು ಬೇರೆ. ನಮ್ಮ ಕಡೆ ಬಳ್ಳಾರಿ ಜಾಲಿ ಇಲ್ಲದ ರಸ್ತೆ ಬದಿ ಇಲ್ಲ. ಕುರಿಯವರು ಕೊಂಬೆ ಎಳೆದುಕೊಂಡು ಹೋದ ದಾರಿಯಲ್ಲಿ ಮುಳ್ಳು ಉದುರಿಯೇ ಇರುತ್ತದೆ. ಅವನಿಗೆ ಮೂರು ಪಂಕ್ಚರ್, ನನಗೆ ಎರಡು. ಕಾರ್ಬನ್ ಆಗಲಿ ಟೈಟಾನಿಯಮ್ ಆಗಲಿ, ಜಾಲಿ ಮುಳ್ಳಿಗೆ ಎಲ್ಲಾ ಫ್ರೇಮೂ ಒಂದೇ.

ಕಾರ್ಬನ್ ಅಂದೆನಲ್ಲ, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ತುಂಬಾ ಹಗುರ, ರೇಸಿಗೆ ಅದೇ ಸರಿ. ಕಲ್ಲೇಟು ಬಿದ್ದರೆ ಒಳಗೆ ಸೀಳಿದ್ದು ಹೊರಗೆ ಕಾಣದೆಯೂ ಇರಬಹುದು, ಅದೇ ನನ್ನ ಭಯ. ಟೈಟಾನಿಯಮ್ ತುಕ್ಕು ಹಿಡಿಯಲ್ಲ, ನೂರು ವರ್ಷ ಬಾಳೀತು, ಅದರ ಇಎಂಐ ಕೂಡ ಹಾಗೇ ಬಾಳುತ್ತದೆ.

ಸುರಪುರ ಮೂರು ಗಂಟೆಗೆ ಬಂತು. ಗುಡ್ಡಗಳ ಮಡಿಲಲ್ಲಿ ಕೂತ ಊರು, ಯಾವ ಓಣಿ ಹಿಡಿದರೂ ಒಂದೋ ಏರು ಇಲ್ಲಾ ಇಳಿಜಾರು. ಇಲ್ಲಿನ ನಾಯಕರ ಹಿಂದಿನ ರಾಜಧಾನಿ ವಾಗಣಗೇರಾ. ಔರಂಗಜೇಬ್ ತನ್ನ ಮುದಿವಯಸ್ಸಿನಲ್ಲಿ, 1705ರಲ್ಲಿ, ಖುದ್ದಾಗಿ ಬಂದು ಮುತ್ತಿಗೆ ಹಾಕಿದ ಕೊನೆಯ ಕೋಟೆ ಅದು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ ರಾಜಾ ವೆಂಕಟಪ್ಪ ನಾಯಕ ಇದೇ ಮನೆತನದ ಕೊನೆಯ ದೊರೆ.

ಮೊದಲು ವೆಲ್ಡಿಂಗ್ ಅಂಗಡಿ ಹುಡುಕಿದೆವು. ಟ್ರ್ಯಾಕ್ಟರ್ ಟ್ರಾಲಿ, ಮನೆ ಗೇಟು ಮಾಡುವ ಅಂಗಡಿ. ಅವರು ಗೆಳೆಯನ ಕ್ಯಾರಿಯರ್ ತಿರುಗಿಸಿ ನೋಡಿ, “ಕಬ್ಬಿಣ ಅದ, ಆಗ್ತದ” ಅಂದವರೇ ಗ್ಯಾಸ್ ಹಚ್ಚಿ ಹಿತ್ತಾಳೆ ಕರಗಿಸಿ ಬೆಸೆದರು. ಹತ್ತು ನಿಮಿಷ, ಐವತ್ತು ರೂಪಾಯಿ. ಜೊತೆಗೆ ಕ್ಯಾರಿಯರ್‌ನ ಇನ್ನೊಂದು ಕಾಲಿಗೂ ಪುಕ್ಕಟೆ ಒಂದು ತುಂಡು ಕೂಡಿಸಿ, “ಇನ್ನ ಇದು ಮುರಿಯಂಗಿಲ್ಲ, ನೀವು ಮುರೀಬಹುದು” ಅಂದರು. ನಂತರ ನನ್ನ ಸೈಕಲ್ ಮುಟ್ಟಿ, ಬೆರಳ ಗೆಣ್ಣಿನಿಂದ ತಟ್ಟಿ, “ಇದು ಅಲ್ಮಿನಮ್. ಇದಕ್ಕ ನಾ ಕೈ ಹಚ್ಚಂಗಿಲ್ರಿ” ಅಂತ ಹಿಂದೆ ಸರಿದರು.

ಅವರು ಹೇಳಿದ್ದು ಅಕ್ಷರಶಃ ಸರಿ. ಸೈಕಲ್‌ಗೆ ಬಳಸುವ 6061 ಅಲ್ಯೂಮಿನಿಯಮ್‌ಗೆ ಶಕ್ತಿ ಬರೋದು ಬೆಸೆದ ಮೇಲೆ ಇಡೀ ಫ್ರೇಮನ್ನು ಕುಲುಮೆಯಲ್ಲಿ ಕಾಯಿಸಿ ಹದ ಮಾಡುವುದರಿಂದ. ಊರಲ್ಲಿ ಯಾರೋ ಬೆಸೆದರೂ ಆ ಜಾಗದ ಸುತ್ತ ಹದ ಹೋಗಿ ಅದು ಮೆತ್ತಗಾಗುತ್ತದೆ. ಇನ್ನೊಂದು ವಿಷಯ ದಣಿವು. ಲೋಹಕ್ಕೂ ದಣಿವಾಗುತ್ತದೆ. ಸ್ಟೀಲಿಗೆ ಒಂದು ಮಿತಿಯೊಳಗೆ ಎಷ್ಟು ಕೋಟಿ ಸಲ ಕುಲುಕಿದರೂ ಸವೆತ ಇಲ್ಲ. ಅಲ್ಯೂಮಿನಿಯಮ್‌ಗೆ ಅಂಥ ಮಿತಿ ಇಲ್ಲ, ಪ್ರತಿ ಕುಲುಕೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಒಳ್ಳೆಯ ಕಂಪನಿ ಅದಕ್ಕೆ ತಕ್ಕಂತೆ ದಪ್ಪ ಇಟ್ಟೇ ಮಾಡಿರುತ್ತದೆ, ಹೆದರಬೇಕಿಲ್ಲ. ನಾನು ನನ್ನದನ್ನು ಮಾರುವವನೂ ಅಲ್ಲ. ವೀಕೆಂಡ್ ಸವಾರಿಗೆ, ಗುಡ್ಡ ಹತ್ತಿಳಿಯೋಕೆ, ತೂಕ ಕಡಿಮೆ ಬೇಕು ಅನ್ನುವವರಿಗೆ ಅಲ್ಯೂಮಿನಿಯಮ್ ಮತ್ತು ಏರ್ ಫೋರ್ಕ್‌ಗಿಂತ ಒಳ್ಳೆ ಜೋಡಿ ನನಗೆ ಕಂಡಿಲ್ಲ. ಆದರೆ ನಾನು ಸುರಪುರದ ಅಂಗಡಿ ಮುಂದೆ ನಿಂತು ನನ್ನ ಹ್ಯಾಂಗರ್ ಆರ್ಡರ್ ಮಾಡಲು ನೋಡಿದಾಗ ಫೋನು ತೋರಿಸಿದ್ದು ಐದು ದಿನ. ಹತ್ತು ನಿಮಿಷ, ಐದು ದಿನ. ಫ್ರೇಮ್ ಬಗ್ಗೆ ನಾನು ಓದಿದ ಯಾವ ಹೋಲಿಕೆ ಪಟ್ಟಿಯಲ್ಲೂ ಈ ಕಾಲಂ ಇರಲಿಲ್ಲ.

ಸಂಜೆಗೆ ಇನ್ನೂ ಹೊತ್ತಿತ್ತು. ನನ್ನ ಸೈಕಲ್ ಅಂಗಡಿಯಲ್ಲೇ ಬಿಟ್ಟು, ಗೆಳೆಯನ ಸ್ಟೀಲ್ ಸೈಕಲ್ ಇಸಿದುಕೊಂಡು ಟೇಲರ್ ಮಂಜಿಲ್ ಗುಡ್ಡ ಹತ್ತಿದೆ. ಅವನು ನಡೆದೇ ಬಂದ, ನನಗಿಂತ ಬೇಗ ಬಂದ. ಏರಿನಲ್ಲಿ ಫೋರ್ಕ್ ಕುಣಿಯಲಿಲ್ಲ ಅನ್ನೋದು ಮಾತ್ರ ಗಮನಕ್ಕೆ ಬಂತು. ತುಳಿದ ಶಕ್ತಿಯೆಲ್ಲ ಚಕ್ರಕ್ಕೇ ಹೋಗುತ್ತಿತ್ತು. ಮೆಡೋಸ್ ಟೇಲರ್ 1840ರ ದಶಕದಲ್ಲಿ ಇಲ್ಲಿದ್ದಾಗ ಕಟ್ಟಿಸಿದ ಬಂಗಲೆ ಇದು. ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಿಂದ 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಮನುಷ್ಯ, ಇಲ್ಲಿ ಬಂದು ಆಡಳಿತ ನೋಡುತ್ತಾ, ಬೋನಾಳದ ಕೆರೆ ದೊಡ್ಡದು ಮಾಡಿಸುತ್ತಾ, ಬಿಡುವಿದ್ದಾಗ ಸುತ್ತಲಿನ ಶಿಲಾಯುಗದ ಗೋರಿಗಳನ್ನು ಅಳೆಯುತ್ತಾ ಕೂತಿದ್ದರು.

ಮೇಲಿಂದ ಪಶ್ಚಿಮಕ್ಕೆ ನೋಡಿದರೆ ಹುಣಸಗಿ ಸೀಮೆ. ಅಲ್ಲಿನ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದದ್ದು ಆದಿಮಾನವರ ಕಲ್ಲಿನ ಕಾರ್ಖಾನೆ, ಸುಮಾರು 12 ಲಕ್ಷ ವರ್ಷ ಹಳೆಯದು. ಅಲ್ಲಿ ಸಿಗುವ ಸುಣ್ಣಕಲ್ಲಿನ ಹಾಸುಗಳಲ್ಲಿ ಸರಿಯಾದ ದಪ್ಪದ್ದನ್ನೇ ಆರಿಸಿ ಕೈಗೊಡಲಿ ಮಾಡುತ್ತಿದ್ದರು, ಅದನ್ನು ಬಡಿಯಲು ಬೇರೆ ಜಾತಿಯ ಗಟ್ಟಿ ಕಲ್ಲು ಇಟ್ಟುಕೊಂಡಿದ್ದರು. ಅಂದರೆ ಯಾವ ಕೆಲಸಕ್ಕೆ ಯಾವ ಮೆಟೀರಿಯಲ್ ಅನ್ನುವ ಜಗಳ ನಮ್ಮ ತಾಲ್ಲೂಕಿನಲ್ಲಿ ಮನುಷ್ಯ ಪೂರ್ತಿ ಮನುಷ್ಯ ಆಗುವುದಕ್ಕೂ ಮೊದಲೇ ಶುರುವಾಗಿತ್ತು. ಗೆಳೆಯನಿಗೆ ಹೇಳಿದೆ. “ಅವರೂ ಸ್ಟೀಲೇ ತಗೊಳ್ತಿದ್ರು ಬಿಡು, ಸಿಕ್ಕಿದ್ದಿದ್ರೆ” ಅಂದ.

ಮರುದಿನ ಎಳ್ಳ ಅಮಾವಾಸ್ಯೆ. ಮನೆಮಂದಿಯೆಲ್ಲ ಹೊಲಕ್ಕೆ ಹೋದೆವು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಅಪ್ಪ ಹೊಲದ ತುಂಬ ಚರಗ ಚೆಲ್ಲಿ ಬಂದರು. ಗೆಳೆಯ ನಾಲ್ಕನೇ ಹೋಳಿಗೆ ಮುಗಿಸುತ್ತಿದ್ದಾಗ ಹುಡುಗಿ ನನ್ನ ಸೈಕಲ್ ಹತ್ತಿದಳು. ಫೋರ್ಕ್ ನನ್ನ ತೂಕಕ್ಕೆ ಇತ್ತು, ಅವಳಿಗೆ ಕದಲಲಿಲ್ಲ. “ಮಾಮಾ, ಶಾಕ್ ಕೆಟ್ಟದ ಇದರದ್ದು” ಅಂದಳು. ಪಂಪ್ ಹಚ್ಚಿ ಅವಳ ತೂಕಕ್ಕೆ ಗಾಳಿ ಇಳಿಸಿದೆ. ಈ ಸಲ ಬದುವಿನ ಮೇಲೆ ಹೋಗಿ ಬಂದವಳ ಮುಖ ನೋಡಬೇಕಿತ್ತು.

ಆಗ ನಿಜ ಹೇಳಬೇಕಾಯಿತು. ಈ ಶಾಕ್ ಇಷ್ಟು ದುಡ್ಡು, ಅಂಗಡಿಯಲ್ಲಿರೋ ಶಾಕ್ ನಿನ್ನ ತೂಕಕ್ಕೆ ಬಗ್ಗಲ್ಲ, ಕೆಟ್ಟರೆ ಐದು ದಿನ. ಅವಳು ಸುಮ್ಮನಾದಳು. ಹದಿಮೂರರ ವಯಸ್ಸಿನಲ್ಲಿ ಗೆಳತಿಯರ ಮುಂದೆ ಶಾಕ್ ಇಲ್ಲದ ಸೈಕಲ್ ಇಳಿಸುವುದು ಏನು ಅಂತ ನನಗೂ ಗೊತ್ತು. ಒತ್ತಾಯ ಮಾಡಲಿಲ್ಲ. ಗೆಳೆಯನ ಸೈಕಲ್ ಟೈರಿನ ಗಾಳಿ ಇನ್ನೂ ಕೊಂಚ ಇಳಿಸಿ, ಸೀಟು ಕೆಳಗೆ ಮಾಡಿ ಕೊಟ್ಟೆ. ಕಾಲುವೆ ರಸ್ತೆಯಲ್ಲಿ ಹೈಸ್ಕೂಲಿನವರೆಗೂ ಹೋಗಿ ಬಾ, ನಾನು ಹಿಂದೆ ಬರ್ತೀನಿ ಅಂದೆ. ಒಂದೇ ಗೇರ್‌ನಲ್ಲಿ ಅವಳ ಹಿಂದೆ ಹೋಗೋಕೆ ನನಗೇ ಆಗಲಿಲ್ಲ.

ವಾಪಸ್ ಬಂದು ಅವಳು ಚೌಕಾಸಿಗೆ ಕೂತಳು. ಶಾಕ್ ಬಿಡ್ತಾಳೆ, ಗೇರ್ ಬಿಡಲ್ಲ, ಬಣ್ಣ ಅವಳೇ ಆರಿಸ್ತಾಳೆ. ಗೇರ್ ಯಾಕೆ, ಕಾಲುವೆ ರಸ್ತೆ ಸಪಾಟಲ್ಲ ಅಂದೆ. “ಆಷಾಢದಾಗ ಎದುರು ಗಾಳಿ ನೀ ಬಂದು ತಳ್ಳತಿ ಏನು?” ಅಂದಳು. ಸೋತೆ. ಸ್ಟೀಲ್ ಫ್ರೇಮ್, ಗಟ್ಟಿ ಫೋರ್ಕ್, ಹಿಂದೆ ಏಳು ಗೇರ್, ಎರಡು ಇಂಚು ದಪ್ಪದ ಟೈರ್. ಅದರ ಹ್ಯಾಂಗರ್ ಫ್ರೇಮಿನದ್ದೇ ಭಾಗ, ಬಾಗಿದರೆ ಸ್ಪ್ಯಾನರ್ ಹಾಕಿ ಎಳೆದು ನೇರ ಮಾಡಬಹುದು. ಏಪ್ರಿಲ್‌ನಲ್ಲಿ ಕೊಂಡೆವು. ಒಟ್ಟು ಹತ್ತು ಸಾವಿರದೊಳಗೆ. ಉಳಿದ ದುಡ್ಡಿಗೆ ಹೆಲ್ಮೆಟ್, ಪಂಪು, ಎರಡು ಟ್ಯೂಬು, ಪಂಕ್ಚರ್ ಕಿಟ್. ಬಣ್ಣ ನೇರಳೆ.

ಪಂಕ್ಚರ್ ಹಾಕೋದನ್ನು ಅಂಗಳದಲ್ಲಿ ಕಲಿಸಿದೆ. ಮೊದಲ ಸಲ ನಲವತ್ತು ನಿಮಿಷ ತಗೊಂಡಳು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಕ್ಕ, “ಸರಿ ಇತ್ಲಾಗ” ಅಂತ ಟ್ಯೂಬ್ ಇಸಿದುಕೊಂಡು, ನೀರಿನ ಬೋಗುಣಿಯಲ್ಲಿ ಅದ್ದಿ ತೂತು ಹುಡುಕಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ ಒಣಗಿಸಿ ಪ್ಯಾಚ್ ಅಂಟಿಸಿದಳು. ಹದಿನೈದು ನಿಮಿಷವೂ ಆಗಿರಲಿಲ್ಲ. ಎಲ್ಲಿ ಕಲಿತೆ ಅಂತ ಕೇಳಿದೆ. “ನಿನ್ನ ಸೈಕಲ್ಲಿಗಿ ಯಾರು ಹಾಕತಿದ್ರು ಅನ್ಕೊಂಡಿ?” ಅಂದಳು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮೂರನೇ ವಾರ, ಮತ್ತೆ ಸ್ಟ್ಯಾಂಡಪ್ ಮೀಟಿಂಗ್ ಹೊತ್ತಿಗೇ, ಅಕ್ಕನ ಫೋನಿನಿಂದ ಒಂದು ಫೋಟೊ ಬಂತು. ಮಣ್ಣಾದ ಅಂಗೈ, ಅದರಲ್ಲಿ ಮೂರು ಜಾಲಿ ಮುಳ್ಳು. ಕೆಳಗೆ ಹುಡುಗಿ ನಿನ್ನೆಯದು ಅಂತ ಬರೆದಿದ್ದಳು: “ಎರಡನೇ ಪೀರಿಯಡ್‌ಗಿ ಮುಟ್ಟೀನಿ. ಸರ್ ಬೈಲಿಲ್ಲ.”